ಅಪ್‌ಡೇಟ್: ಉಡುಪಿಯಿಂದ ಥಾರ್ ಮರುಭೂಮಿಗೆ, ಹೋಗಿ ಬಂದೆವು

ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಉಡುಪಿಯಿಂದಲೇ ಕಾರಲ್ಲಿ ಹೋಗಬಹುದಾ, ಅಲ್ಲಿ ಟೆಂಟ್ ಹಾಕಬಹುದಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದಂತೆ ಜೋಧ್‌ಪುರದವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ಸೊಂಟ ಉಳಿಯಿತು!

ಟೆಂಟ್ ಹಾಕಿದ್ದು ಖುರಿ ಊರಿನ ಹತ್ತಿರ, ಒಬ್ಬರ ಜಾಗದಲ್ಲಿ, ಕೇಳಿಕೊಂಡು. ಮರಳಲ್ಲಿ ಗೂಟ ನಿಲ್ಲುವುದೇ ಇಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಿ ಅಂದಿದ್ದರಲ್ಲ ಒಬ್ಬರು, ಆ ಐಡಿಯಾ ಸೂಪರ್. ರಾತ್ರಿಯಿಡೀ ಗಾಳಿ ಬೀಸಿದರೂ ಟೆಂಟ್ ಅಲುಗಲಿಲ್ಲ. ಆದರೆ ಜಿಪ್‌ಗೆಲ್ಲ ಮರಳು ಹೊಕ್ಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ತೆಗೆಯಬೇಕಾಯಿತು. ಡಿಸೆಂಬರ್ ಚಳಿಗೆ ಬಿಸಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಇನ್ನೇನು ಬೇಕು?

ಮರಳ ದಿಬ್ಬ ನೋಡಲು ಹೋಗುವವರಿಗೆ ಒಂದು ಮಾತು. 3,162 ಚದರ ಕಿ.ಮೀ. ಪಾರ್ಕ್‌ನಲ್ಲಿ ದಿಬ್ಬ ಇರುವುದು ಸ್ವಲ್ಪ ಭಾಗದಲ್ಲಿ ಮಾತ್ರ. ಉಳಿದದ್ದು ಕಲ್ಲುನೆಲ, ಹುಲ್ಲು, ಕುರುಚಲು ಗಿಡ. ನನಗಂತೂ ಅದೇ ಜಾಸ್ತಿ ಇಷ್ಟವಾಯಿತು.

ಪಾರ್ಕ್‌ನ ಸುದಾಸರಿ ಕಡೆ ಬೆಳಿಗ್ಗೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ನಮ್ಮ ಎರೆಭೂತ ಹಕ್ಕಿ ಕಂಡಿತು. ದೂರದಲ್ಲಿ, ಒಂದೇ ಒಂದು. ಕತ್ತೆತ್ತಿ ನಿಂತಿತ್ತು, ಬೈನಾಕ್ಯುಲರ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಭಾರದ ಹಕ್ಕಿ, ನೇರ ಎದುರಿನದ್ದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಕರೆಂಟ್ ತಂತಿಗೆ ಬಡಿದು ಸಾಯುತ್ತವೆ. ಜೈಸಲ್ಮೇರ್ ಸುತ್ತ ಎಲ್ಲಿ ನೋಡಿದರೂ ಗಾಳಿಯಂತ್ರ, ತಂತಿ. ಬೇಜಾರಾಗುತ್ತದೆ.

ಜೈಸಲ್ಮೇರ್ ಹತ್ತಿರದ ಆಕಲ್‌ನಲ್ಲಿ ಕಲ್ಲಾದ ಮರಗಳನ್ನೂ (ಮರದ ಪಳೆಯುಳಿಕೆ) ನೋಡಿದೆವು. ಬಿಸಿಲಿಗೆ ಮೊದಲು ಹೋಗಿ, ನೆರಳಿಲ್ಲ. ಖರ್ಚಿನ ಲೆಕ್ಕ ಬೇಕಾದವರು ಕೇಳಿ, ಹಾಕುತ್ತೇನೆ.