ಪುಟ್ಟಿಯ ಸೀಟಿನ ವಿಚಾರವಾಗಿ ಅಣ್ಣಯ್ಯನಿಗೂ ಮನೆಯವರೆಲ್ಲರಿಗೂ

ಅಣ್ಣಯ್ಯ, ಅತ್ತಿಗೆ, ದೊಡ್ಡಪ್ಪ, ಉಳಿದ ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪುಟ್ಟಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಮಾತನಾಡಿ ಬಂದಿರುವುದಾಗಿ ಅಣ್ಣಯ್ಯ ನಿನ್ನೆ ರಾತ್ರಿ ಗ್ರೂಪಿನಲ್ಲಿ ತಿಳಿಸಿ, ಈ ವಾರದೊಳಗೆ ಮುಂಗಡ ಕಟ್ಟಬೇಕು, ಎಲ್ಲರೂ ಅಭಿಪ್ರಾಯ ಹೇಳಿ ಎಂದು ಕೇಳಿದ್ದರು. ಅದರ ಕೆಳಗೆ ಪುಟ್ಟಿ ತನಗೆ ಬಿ.ಎಸ್ಸಿ. ಅಗ್ರಿ, ಅಂದರೆ ಕೃಷಿ ಪದವಿ, ಓದುವ ಆಸೆಯಿದೆ ಎಂದು ಒಂದೇ ಸಾಲು ಬರೆದಿದ್ದಳು. ಮಣ್ಣು ಹೊರುವುದಕ್ಕೆ ಡಿಗ್ರಿ ಯಾಕಮ್ಮ ಎಂದು ದೊಡ್ಡಪ್ಪನವರು ಕೇಳಿದರು. ಕಂಪ್ಯೂಟರ್ ಬಿಟ್ಟರೆ ಭವಿಷ್ಯವಿಲ್ಲ ಎಂದು ಮೈಸೂರಿನ ಭಾವನವರು ಬರೆದರು. ಆಮೇಲೆ ಆ ಹುಡುಗಿ ತುಟಿ ಬಿಚ್ಚಿಲ್ಲ. ಸುಮ್ಮನೆ ಮಾತನಾಡುತ್ತಾ ಹೋದರೆ ವಿಷಯ ಎಲ್ಲೆಲ್ಲಿಗೋ ಹೋಗುತ್ತದೆ ಎಂದು ಮೊದಲೇ ಬರೆದಿಟ್ಟುಕೊಂಡು ಓದುತ್ತಿದ್ದೇನೆ. ಧ್ವನಿ ಸಂದೇಶ ಉದ್ದವಾಗಿದೆ, ದಯವಿಟ್ಟು ಪೂರ್ತಿ ಕೇಳಿ.

ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಕಡತಗಳು ನನ್ನ ಮೇಜಿನ ಮೇಲೇ ಹಾದುಹೋಗುವುದರಿಂದ ಮೊದಲು ಹಣದ ಲೆಕ್ಕವನ್ನೇ ಹೇಳುತ್ತೇನೆ. ಅಣ್ಣಯ್ಯ ಹೇಳಿದ ಶುಲ್ಕ ವರ್ಷಕ್ಕೆ ಎರಡೂವರೆ ಲಕ್ಷ, ನಾಲ್ಕು ವರ್ಷಕ್ಕೆ ಹತ್ತು ಲಕ್ಷ. 7.5 ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯನ್ನು ಅಡವಿಡಬೇಕಾಗಿಲ್ಲ, ಅದನ್ನು ಮೀರಿದರೆ ಆಸ್ತಿಯ ಭದ್ರತೆ ಬೇಕು. ಅಣ್ಣಯ್ಯ ತೋಟದ ಪಹಣಿಯನ್ನು ತೆಗೆಸಿಟ್ಟಿರುವುದು ಅದಕ್ಕೇ ಎಂದು ನನಗೆ ಅರ್ಥವಾಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬುದು ನಿಜ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಶೇಕಡಾ 10ರ ಸರಳ ಬಡ್ಡಿಯಂತೆ ಹಿಡಿದರೂ, ವರ್ಷವರ್ಷವೂ ಎರಡೂವರೆ ಲಕ್ಷ ಬಿಡುಗಡೆಯಾದ ಸಾಲಕ್ಕೆ ಐದನೆಯ ವರ್ಷದ ಕೊನೆಗೆ ಮೂರೂವರೆ ಲಕ್ಷ ಬಡ್ಡಿ ಸೇರಿ, ಕಂತು ಆರಂಭವಾಗುವ ಹೊತ್ತಿಗೆ ಬಾಕಿ 13.5 ಲಕ್ಷವಾಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಕಟ್ಟಬೇಕು. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಆರಂಭದ ಸಂಬಳ ಎಷ್ಟೋ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ ಎಂಬುದು ಭಾವನವರಿಗೂ ಗೊತ್ತು. ಅದರಲ್ಲಿ ಕಂತು ಕಳೆದು, ಬೆಂಗಳೂರಿನ ಪಿ.ಜಿ. ಬಾಡಿಗೆಯನ್ನೂ ಊಟದ ಖರ್ಚನ್ನೂ ಕಳೆದರೆ ಕೈಯಲ್ಲಿ ಏನು ಉಳಿಯುತ್ತದೆಂದು ನೀವೇ ಲೆಕ್ಕ ಹಾಕಿ. ಆ ಕಂತನ್ನು ತೋಟದಿಂದ ಕಟ್ಟೋಣವೆಂದರೆ, ತಿಪಟೂರಿನ ಕೊಬ್ಬರಿ ದರ ಹೋದ ವರ್ಷ ಇದ್ದಂತೆ ಈ ವರ್ಷ ಇರುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಶುಲ್ಕದ ಹೊರಗೆ "ಬೇರೆ" ಕೊಡಬೇಕೆಂದು ಆ ಮಧ್ಯವರ್ತಿ ಹೇಳಿದ ಮೊತ್ತದ ವಿಚಾರ. ರಸೀದಿಯಿಲ್ಲದ ಹಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಡೊನೇಷನ್ ಪಡೆಯುವುದನ್ನು ನಿಷೇಧಿಸಿ ನಮ್ಮ ರಾಜ್ಯ 1984ರಲ್ಲೇ ಕಾಯ್ದೆ ಮಾಡಿದೆ, ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂತಹ ವಸೂಲಿ ಸಲ್ಲದೆಂದು ತೀರ್ಪು ನೀಡಿದೆ. ಇಷ್ಟಾದ ಮೇಲೂ ಕೇಳುವವರು ಕೇಳುತ್ತಾರೆ, ಕೊಡುವವರು ಕೊಡುತ್ತಾರೆ. ನಾವು ಕೊಡುವವರ ಸಾಲಿನಲ್ಲಿ ನಿಲ್ಲಬೇಕಾದ ಅಗತ್ಯ ನನಗೆ ಕಾಣುತ್ತಿಲ್ಲ.

ಕಂಪ್ಯೂಟರ್ ಸೈನ್ಸ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸಿಇಟಿ ರ್‍ಯಾಂಕಿನ ಬಲದ ಮೇಲೆ ಒಳ್ಳೆಯ ಕಾಲೇಜಿನಲ್ಲಿ ಆ ಸೀಟು ಸಿಕ್ಕಿ, ಓದುವವಳಿಗೂ ಅದರಲ್ಲಿ ಮನಸ್ಸಿದ್ದರೆ ನಾನೇ ಸಿಹಿ ಹಂಚುತ್ತಿದ್ದೆ. ಇಲ್ಲಿ ರ್‍ಯಾಂಕೂ ಹಿಂದಿದೆ, ಮನಸ್ಸೂ ಇಲ್ಲ. ಕೋರ್ಸಿನ ಹೆಸರೊಂದನ್ನು ನಂಬಿಕೊಂಡು ತೋಟ ಅಡವಿಡುವುದಷ್ಟೇ ಉಳಿದಿದೆ.

ಅವಳ ಮನಸ್ಸು ಎಲ್ಲಿದೆ ಎಂಬುದನ್ನು ಹೋದ ಬೇಸಿಗೆಯಲ್ಲಿ ಊರಿಗೆ ಬಂದಾಗ ನಾನು ಕಣ್ಣಾರೆ ಕಂಡಿದ್ದೇನೆ. ತೆಂಗಿನ ಗರಿಗಳೆಲ್ಲ ಸುಟ್ಟಂತೆ ಒಣಗಿದ್ದವು. ಇದು ಕಪ್ಪುತಲೆ ಹುಳು ಎಂದು ಅವಳೇ ಗುರುತಿಸಿ, ತೋಟಗಾರಿಕೆ ಇಲಾಖೆಯಿಂದ ಗೋನಿಯೋಜಸ್ ಎಂಬ ಪರೋಪಜೀವಿ ಕೀಟದ ಪುಟ್ಟ ಟ್ಯೂಬುಗಳನ್ನು ತಂದು ಮರಗಳಿಗೆ ಬಿಡುತ್ತಿದ್ದಳು. ಒಂದು ಗರಿಯನ್ನು ತಿರುಗಿಸಿ, ಹುಳು ನೂಲು ಮತ್ತು ಹಿಕ್ಕೆಯಿಂದ ಕಟ್ಟಿಕೊಂಡ ಗೂಡನ್ನು ಹೇರ್‌ಪಿನ್ನಿನಿಂದ ಬಿಡಿಸಿ, ಈ ಇರುವೆಯಂಥ ಕಣಜವು ಕಪ್ಪುತಲೆ ಹುಳುವನ್ನು ಕುಟುಕಿ ನಿಶ್ಚಲಗೊಳಿಸಿ ಅದರ ಮೈಮೇಲೇ ಮೊಟ್ಟೆ ಇಡುತ್ತದೆ, ಮರಿಗಳು ಆ ಹುಳುವನ್ನೇ ತಿಂದು ಬೆಳೆಯುತ್ತವೆ ಎಂದು ನನಗೆ ವಿವರಿಸಿದಳು. ಔಷಧಿ ಹೊಡೆದರೆ ಈ ಕಣಜವೂ ಸಾಯುತ್ತದೆ, ಅದಕ್ಕೇ ಅಪ್ಪನಿಗೆ ಸ್ವಲ್ಪ ತಡೆಯಲು ಹೇಳಿದ್ದೇನೆ ಅತ್ತೆ ಎಂದಳು. ದೊಡ್ಡಪ್ಪ, ಇದು ಮಣ್ಣು ಹೊರುವ ಕೆಲಸವಲ್ಲ, ಕೀಟಶಾಸ್ತ್ರ. ನಾಲ್ಕು ವರ್ಷದ ಬಿ.ಎಸ್ಸಿ. ಅಗ್ರಿಯಲ್ಲಿ ಅದರ ಜೊತೆಗೆ ಬೇಸಾಯಶಾಸ್ತ್ರ, ಮಣ್ಣು ವಿಜ್ಞಾನ, ಸಸ್ಯರೋಗ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರ, ಕೃಷಿ ಅರ್ಥಶಾಸ್ತ್ರ ಎಲ್ಲವೂ ಇವೆ, ಕೊನೆಯ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ನಮ್ಮ ಅಜ್ಜಿ ಹೊಗಳಿ ಹೊಗಳಿ ಬಿತ್ತಿಸುತ್ತಿದ್ದ ಇಂಡಾಫ್ ರಾಗಿ, ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಹೊರತಂದ ತಳಿ. ಅದೂ ಈ ವಿದ್ಯೆಯಿಂದಲೇ ಬಂದದ್ದು.

ಓದಿದ ಮೇಲೆ ಏನು ಎಂಬ ಪ್ರಶ್ನೆ ನ್ಯಾಯವಾದದ್ದು, ಅದನ್ನು ಮುಚ್ಚಿಡುವುದಿಲ್ಲ. ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗಳಿಗೆ ರಾಜ್ಯ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ಪ್ರತಿ ವರ್ಷ ಅರ್ಜಿ ಕರೆಯುವುದಿಲ್ಲ, ಕರೆದರೂ ನೇಮಕಾತಿ ಮುಗಿಯುವಷ್ಟರಲ್ಲಿ ತಾಳ್ಮೆ ಕೆಡುತ್ತದೆ. ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳಲ್ಲಿ ಕೆಲಸ ಸಿಗುತ್ತದೆ, ಆದರೆ ಆರಂಭದಲ್ಲಿ ಅದು ಹೆಚ್ಚಾಗಿ ಊರೂರು ಸುತ್ತುವ ಮಾರಾಟದ ಕೆಲಸ. ಸಂಶೋಧನೆಗೆ ಹೋಗಬೇಕಾದರೆ ಎಂ.ಎಸ್ಸಿ. ಅನಿವಾರ್ಯ. ಇದರ ಜೊತೆಗೆ ನನಗೆ ಹತ್ತಿರದಿಂದ ಗೊತ್ತಿರುವ ಒಂದು ದಾರಿಯೂ ಇದೆ. ಸರ್ಕಾರಿ ಬ್ಯಾಂಕುಗಳು ಐಬಿಪಿಎಸ್ ಎಂಬ ಬ್ಯಾಂಕ್ ನೇಮಕಾತಿ ಸಂಸ್ಥೆಯ ಪರೀಕ್ಷೆಯ ಮೂಲಕ ಕೃಷಿ ಕ್ಷೇತ್ರಾಧಿಕಾರಿಗಳನ್ನು ಸ್ಕೇಲ್ ಒಂದರ, ಅಂದರೆ ಮೊದಲ ದರ್ಜೆಯ, ಅಧಿಕಾರಿಗಳಾಗಿಯೇ ತೆಗೆದುಕೊಳ್ಳುತ್ತವೆ. ವಯಸ್ಸು 20ರಿಂದ 30ರೊಳಗಿರಬೇಕು, ಕೃಷಿ ಅಥವಾ ಅದಕ್ಕೆ ಸಂಬಂಧಿಸಿದ ವಿಷಯದಲ್ಲಿ ನಾಲ್ಕು ವರ್ಷದ ಪದವಿ ಇರಬೇಕು. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮಾಡಿದವರು ಆ ಹುದ್ದೆಗೆ ಅರ್ಜಿ ಹಾಕುವಂತೆಯೇ ಇಲ್ಲ. ನಮ್ಮ ಶಾಖೆಯ ಕೃಷಿ ಅಧಿಕಾರಿ ಹುಡುಗಿ ಬೆಳಗ್ಗೆ ಹನಿ ನೀರಾವರಿ ಸಾಲದ ಸ್ಥಳ ಪರಿಶೀಲನೆಗೆ ಹೋಗಿ, ಮಧ್ಯಾಹ್ನ ಬಂದು ಕುಳಿತು ಬೆಳೆಸಾಲದ ಕಡತ ಮುಗಿಸುತ್ತಾಳೆ. ಪುಟ್ಟಿ ಬೇಕಾದರೆ ಒಂದು ದಿನ ಬಂದು ಅವಳ ಜೊತೆ ಓಡಾಡಲಿ, ನಾನು ಹೇಳಿಟ್ಟಿರುತ್ತೇನೆ.

ಈಗ ಮುಖ್ಯವಾದ ಮಾತು. ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ನಮೂದಿಸುವಾಗ, ಎಂಜಿನಿಯರಿಂಗ್ ಮತ್ತು ಅಗ್ರಿ ಆಯ್ಕೆಗಳು ಒಂದೇ ಪಟ್ಟಿಯಲ್ಲಿ ಆದ್ಯತೆಯ ಕ್ರಮದಲ್ಲಿ ಕೂರುತ್ತವೆ, ಮೇಲಿನಿಂದ ನೋಡುತ್ತಾ ಬಂದು ರ್‍ಯಾಂಕಿಗೆ ಎಟುಕುವ ಮೊದಲ ಸೀಟನ್ನು ಕೊಡುತ್ತಾರೆ. ಇರಲಿ ಎಂದು ಮೇಲೆ ಯಾವುದೋ ಎಂಜಿನಿಯರಿಂಗ್ ಕಾಲೇಜನ್ನು ತುಂಬಿಸಿ, ಅದೇ ಸಿಕ್ಕಿಬಿಟ್ಟರೆ ಕೆಳಗಿದ್ದ ಅಗ್ರಿ ಕೈತಪ್ಪುತ್ತದೆ. ಎಟುಕಲಾರದು ಎಂದುಕೊಂಡ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಬೇಡವಾದದ್ದನ್ನು ಬರೆದರೇ ತೊಂದರೆ. ಹಾಗಾಗಿ ಆ ಪಟ್ಟಿಯನ್ನು ಸೈಬರ್ ಸೆಂಟರಿನವನಾಗಲಿ ನಾವಾಗಲಿ ತುಂಬುವುದು ಬೇಡ, ಹಿಂದಿನ ವರ್ಷಗಳ ಕಟ್‌ಆಫ್ ನೋಡಿಕೊಂಡು ಪುಟ್ಟಿಯೇ ಕುಳಿತು ತುಂಬಲಿ. ಕೃಷಿಕರ ಮಕ್ಕಳ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಅವಳು ಬರೆದು ಬಂದಿದ್ದಾಳೆ. ಹುಚ್ಚೆಳ್ಳು, ಹುರುಳಿ, ಡಿಎಪಿ ಎಲ್ಲವನ್ನೂ ಮುಂದಿಟ್ಟು ಗುರುತಿಸಲು ಹೇಳುವ ಆ ಪರೀಕ್ಷೆಯಲ್ಲಿ ಪೇಟೆಯ ಮಕ್ಕಳು ತಡವರಿಸುವ ಕಡೆ ಇವಳು ನಿರಾಯಾಸವಾಗಿ ಉತ್ತರಿಸಿರುತ್ತಾಳೆ. ಹಾಸನದ ಕಾರೆಕೆರೆಯ ಕೃಷಿ ಕಾಲೇಜು ಸಿಕ್ಕರೆ ಅರಸೀಕೆರೆಯಿಂದ ದೂರವೂ ಅಲ್ಲ, ಅತ್ತಿಗೆಗೆ ಆ ಚಿಂತೆಯೂ ಕಡಿಮೆ.

ಅಣ್ಣಯ್ಯ, ನಾನು ಕೇಳಿಕೊಳ್ಳುವುದು ಇಷ್ಟೇ: ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಸೀಟು ಹಂಚಿಕೆಯ ಫಲಿತಾಂಶ ಬರುವವರೆಗೆ ಆ ಮುಂಗಡವನ್ನು ಕಟ್ಟಬೇಡಿ. ಈ ವಾರವೇ ಕಟ್ಟದಿದ್ದರೆ ಸೀಟು ಹೋಗುತ್ತದೆ ಎಂದು ಅವಸರಪಡಿಸುವುದು ಮಧ್ಯವರ್ತಿಗಳ ಮಾಮೂಲಿ ವರಸೆ. ಅಣಕು ಹಂಚಿಕೆಯಲ್ಲಿ ಎಲ್ಲಿ ನಿಂತಿದ್ದಾಳೆಂದು ನೋಡಿಕೊಂಡು ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ಅತ್ತಿಗೆ, ಅವಳು ಒಂದರಿಂದ ಹತ್ತರವರೆಗೆ ನಮ್ಮೂರಿನಲ್ಲೇ ಓದಿರುವುದರಿಂದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಆಗಿದೆಯೇ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ಇವತ್ತೇ ನೋಡಿ. ಪುಟ್ಟಿ, ನಿನ್ನ ಪಟ್ಟಿ ಸಿದ್ಧವಾದ ಮೇಲೆ ಒಂದು ಫೋಟೋ ತೆಗೆದು ಇದೇ ಗ್ರೂಪಿಗೆ ಹಾಕು, ಯಾವ ಕಾಲೇಜು ಯಾಕೆ ಮೇಲಿದೆ ಎಂದು ನೀನೇ ದೊಡ್ಡಪ್ಪನವರಿಗೆ ಹೇಳು.