ಸಂಪಾದಕ ಮಂಡಳಿಯಲ್ಲಿ ಇಷ್ಟೊಂದು ಹೆಸರುಂಟು, ನನ್ನ ಲೇಖನ ಓದುವವರು ಯಾರು?

ಪದವಿನ ಗಿಡ, ಮಣಿಪಾಲ:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮೂರು ಮಳೆಗಾಲದಿಂದ ಮುರಕಲ್ಲಿನ ಪದವುಗಳಲ್ಲಿ (ಗುಡ್ಡದ ಮೇಲಿನ ಬಯಲುಗಳಲ್ಲಿ) ಎರಿಯೋಕಾಲನ್ ಗಿಡಗಳನ್ನು ನೋಡುತ್ತಿದ್ದೇನೆ. ಸೋಣ ತಿಂಗಳಲ್ಲಿ ನೀರು ನಿಂತ ಕಡೆ ಅಂಗಿಯ ಗುಂಡಿಯಷ್ಟು ಬಿಳಿ ಹೂಗೊಂಚಲು ಎದ್ದು ನಿಲ್ಲುತ್ತದಲ್ಲ, ಅದೇ. ಅದರಲ್ಲಿ ಒಂದು ಗಿಡ ಈವರೆಗಿನ ಯಾವ ವಿವರಣೆಗೂ ಹೊಂದುತ್ತಿಲ್ಲ. ಹೊಸ ಪ್ರಭೇದ ಇರಬಹುದು ಎಂದು ಲೇಖನ ಬರೆದು ಮುಗಿಸಿದ್ದೇನೆ.

ಕಳಿಸುವ ಮೊದಲು ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿ ನೋಡಿದೆ. ಮುಖ್ಯ ಸಂಪಾದಕರು, ವ್ಯವಸ್ಥಾಪಕ ಸಂಪಾದಕರು, ವಿಭಾಗ ಸಂಪಾದಕರು, ನಾಮಕರಣ ಸಂಪಾದಕರು, ಸಲಹಾ ಮಂಡಳಿ. ಹತ್ತಾರು ಹೆಸರು! ಇವರೆಲ್ಲ ಸೇರಿ ಮೀಟಿಂಗ್ ಮಾಡಿ ನಿರ್ಧಾರ ಮಾಡುತ್ತಾರೆ ಎಂದು ನಮ್ಮ ವಿಭಾಗದಲ್ಲಿ ಒಬ್ಬರು ಹೇಳಿದರು. ಹೌದಾ? ನಾನು ಪತ್ರ ಯಾರ ಹೆಸರಿಗೆ ಬರೆಯಬೇಕು?

ಇನ್ನೊಂದು ವಿಷಯ. ಹೆಸರೇ ಕೇಳದ ಒಂದು ಪತ್ರಿಕೆಯಿಂದ ಮೇಲ್ ಬಂದಿದೆ. ನನ್ನನ್ನೇ ಸಂಪಾದಕ ಮಂಡಳಿಗೆ ಸೇರಿಸಿಕೊಳ್ಳುತ್ತಾರಂತೆ. ಒಪ್ಪಬಹುದಾ?

ಜರಿಗಿಡ, ಕೊಣಾಜೆ:

ಮೇಡಂ, ಫೈಟೋಟ್ಯಾಕ್ಸಾ ಎಂಬ ಪತ್ರಿಕೆಯ ಸಂಪಾದಕರ ಪಟ್ಟಿಯನ್ನು ಒಮ್ಮೆ ನೋಡಿ. ಅಲ್ಲಿ ಸಂಪಾದಕರನ್ನು ಗಿಡಗಳ ಗುಂಪಿನ ಪ್ರಕಾರವೇ ಹಂಚಿದ್ದಾರೆ. ಪಾಚಿಗೆ ಬೇರೆ, ಶಿಲೀಂಧ್ರಕ್ಕೆ ಬೇರೆ, ಕಲ್ಲುಹೂವಿಗೆ ಬೇರೆ, ನಮ್ಮ ಜರಿಗಿಡಕ್ಕೆ ಬೇರೆ. ಹೂ ಬಿಡುವ ಗಿಡಗಳಲ್ಲಿ ಕುಟುಂಬದ ಮಟ್ಟಕ್ಕೆ ಇಳಿದು ಹಂಚಿದ್ದಾರೆ. ನಿಮ್ಮದು ಯಾರ ಕೈಗೆ ಹೋಗಬಹುದು ಎಂದು ಅಂದಾಜು ಸಿಗುತ್ತದೆ.

ಕಟಪಾಡಿ ಮಾಷ್ಟ್ರು:

ಮೇಡಂ, ಅಂಥ ಮೀಟಿಂಗ್ ಯಾವುದೂ ಇಲ್ಲ. ನಿಮ್ಮ ಲೇಖನವನ್ನು ಮೊದಲ ಸಾಲಿನಿಂದ ಕೊನೆಯ ತನಕ ಓದುವವರು ಮೂರು ನಾಲ್ಕು ಜನ, ಅಷ್ಟೇ. ನಾನು ಒಂದು ಗಿಡಗಳ ವರ್ಗೀಕರಣದ ಪತ್ರಿಕೆಯಲ್ಲಿ ಹುಲ್ಲು, ಜೇಕಿನ ಗುಂಪಿಗೆ ಒಂಬತ್ತು ವರ್ಷ ವಿಭಾಗ ಸಂಪಾದಕನಾಗಿದ್ದೆ. ಕಂಡದ್ದನ್ನು ಹೇಳುತ್ತೇನೆ.

ಲೇಖನ ಮೊದಲು ಕಚೇರಿಗೆ ಬರುತ್ತದೆ. ಚಿತ್ರ ಸ್ಪಷ್ಟ ಉಂಟಾ, ಪತ್ರಿಕೆಯ ನಮೂನೆಯಲ್ಲಿ ಉಂಟಾ ಎಂದು ಅಲ್ಲಿ ನೋಡುತ್ತಾರೆ. ಆಮೇಲೆ ಮುಖ್ಯ ಸಂಪಾದಕರು. ತಮ್ಮ ಪತ್ರಿಕೆಗೆ ಹೊಂದುವುದಿಲ್ಲ ಅಂತ ಕಂಡರೆ ಅವರು ಅಲ್ಲಿಂದಲೇ ವಾಪಸ್ ಕಳಿಸುತ್ತಾರೆ. ಹೊಂದಿದರೆ ವಿಭಾಗ ಸಂಪಾದಕರಿಗೆ ಕೊಡುತ್ತಾರೆ. ನಿಮ್ಮ ಲೇಖನದ ಹಣೆಬರಹ ಜಾಸ್ತಿ ಇರುವುದು ಇಲ್ಲೇ. ಯಾಕೆಂದರೆ ಯಾರಿಂದ ಪರಿಶೀಲನೆ ಮಾಡಿಸಬೇಕು ಎಂದು ಆರಿಸುವವರು ಇವರು. ಎರಿಯೋಕಾಲನ್ ಬೀಜದ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಭ್ಯಾಸ ಇರುವವರಿಗೆ ಕಳಿಸಿದರೆ ಒಂದು ಥರದ ಪ್ರಶ್ನೆ ಬರುತ್ತದೆ. ಗುಂಪಿನ ಪರಿಚಯವೇ ಇಲ್ಲದವರಿಗೆ ಕಳಿಸಿದರೆ ಕಾಗುಣಿತ ತಿದ್ದಿ ವಾಪಸ್ ಕೊಡುತ್ತಾರೆ. ಎರಡು ಮೂರು ಜನ ಸರಿಯಾದವರು ಒಪ್ಪಿಕೊಳ್ಳುವಷ್ಟರಲ್ಲಿ ನಾನು ಎಂಟು ಹತ್ತು ಜನಕ್ಕೆ ಬರೆದದ್ದುಂಟು. ತಡ ಆಗುವುದು ಹೆಚ್ಚಾಗಿ ಅಲ್ಲಿ. ಪರಿಶೀಲಕರ ಹೆಸರು ಸೂಚಿಸಿ ಎಂದು ಕೇಳಿದರೆ ದಯವಿಟ್ಟು ಖಾಲಿ ಬಿಡಬೇಡಿ. ಆ ಗುಂಪಿನಲ್ಲಿ ಕೆಲಸ ಮಾಡಿದವರ ಹೆಸರು ಕೊಡಿ. ನಿಮ್ಮ ಗೈಡ್, ನಿಮ್ಮ ಜೊತೆ ಲೇಖನ ಬರೆದವರು ಬೇಡ.

ಪತ್ರ ಮುಖ್ಯ ಸಂಪಾದಕರ ಹೆಸರಿಗೇ ಬರೆಯಿರಿ. ಯಾವ ಕುಟುಂಬದ ಗಿಡ ಎಂದು ಮೊದಲ ಸಾಲಿನಲ್ಲೇ ಹೇಳಿ.

ಈಗ ನಾಮಕರಣ ಸಂಪಾದಕರ ಬಗ್ಗೆ. ಬೇರೆ ವಿಜ್ಞಾನದ ಪತ್ರಿಕೆಯವರಿಗೆ ಈ ಹುದ್ದೆ ವಿಚಿತ್ರ ಅನ್ನಿಸಬಹುದು. ಆದರೆ ಗಿಡದ ಹೊಸ ಹೆಸರಿಗೆ ಕಾಯಿದೆ ಉಂಟು. ಪಾಚಿ, ಶಿಲೀಂಧ್ರ, ಗಿಡ ಎಲ್ಲಕ್ಕೂ ಒಂದೇ ಅಂತರರಾಷ್ಟ್ರೀಯ ನಿಯಮಾವಳಿ. ಸಸ್ಯಶಾಸ್ತ್ರದ ಮಹಾಸಮ್ಮೇಳನ ಸೇರಿದಾಗ ಅದನ್ನು ತಿದ್ದುತ್ತಾರೆ. 2011ರಲ್ಲಿ ಮೆಲ್ಬರ್ನ್, 2017ರಲ್ಲಿ ಶೆಂಜೆನ್, 2024ರಲ್ಲಿ ಮ್ಯಾಡ್ರಿಡ್. 2012ರ ಜನವರಿ 1ರಿಂದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕೆಂದಿಲ್ಲ, ಇಂಗ್ಲಿಷ್ ಸಾಕು. ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆ ಇರುವ ಪತ್ರಿಕೆಯ ಆನ್‌ಲೈನ್ ಪಿಡಿಎಫ್ ಕೂಡ ನಡೆಯುತ್ತದೆ. ಆದರೆ ಹೋಲೋಟೈಪ್, ಅಂದರೆ ಹೊಸ ಹೆಸರಿಗೆ ಆಧಾರವಾಗಿ ಆರಿಸಿದ ಒಂದು ಮಾದರಿ, ಅದರ ವಿಷಯದಲ್ಲಿ ಸಡಿಲ ಇಲ್ಲ. 1990ರಿಂದ ಈಚೆ ಅದು ಯಾವ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ) ಉಂಟು ಎಂದು ಬರೆಯಲೇಬೇಕು, ಅದೂ ಒಂದೇ ಹರ್ಬೇರಿಯಂ.

ನನ್ನ ಕೈಗೆ ಬಂದ ಒಂದು ಲೇಖನ ನೆನಪಾಗುತ್ತದೆ. ಚಿತ್ರ ಚಂದ, ಅಳತೆ ಚಂದ, ಇಬ್ಬರು ಪರಿಶೀಲಕರೂ ಒಪ್ಪಿದ್ದರು, ನಾನೂ ಒಪ್ಪಿದ್ದೆ. ನಾಮಕರಣ ಸಂಪಾದಕರು ಒಂದೇ ಒಂದು ಸಾಲಿಗೆ ಗುರುತು ಹಾಕಿ ಕಳಿಸಿದರು. ಹೋಲೋಟೈಪ್ ಎಂದು ಬರೆದು ಮುಂದೆ ಎರಡು ಹರ್ಬೇರಿಯಂ ಹೆಸರು ಕೊಟ್ಟಿದ್ದರು. ಹಾಗೆಯೇ ಅಚ್ಚಾಗಿದ್ದರೆ ಆ ಹೆಸರಿಗೆ ಮಾನ್ಯತೆಯೇ ಸಿಗುತ್ತಿರಲಿಲ್ಲ. ಐದು ವರ್ಷ ಕಾಡು ಸುತ್ತಿದ ಹುಡುಗನ ಗಿಡ ಅದು. ನನ್ನ ಕಣ್ಣಿಗೆ ಬೀಳಲಿಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮಂಡಳಿಯಲ್ಲಿ ಆ ಒಂದು ಕುರ್ಚಿ ಯಾಕೆ ಬೇಕು ಎಂದು ಅವತ್ತು ನನಗೆ ಗೊತ್ತಾಯಿತು.

ಸಲಹಾ ಮಂಡಳಿಯವರು ನಿಮ್ಮ ಲೇಖನ ನೋಡುವುದು ಅಪರೂಪ. ಪತ್ರಿಕೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಕೇಳಿದಾಗ ಹೇಳುತ್ತಾರೆ. ಮತ್ತೆ, ಪತ್ರಿಕೆಯ ಯಜಮಾನರು ಬೇರೆ, ಅಚ್ಚು ಮಾಡುವವರು ಬೇರೆ ಇರಬಹುದು. ಅಮೆರಿಕನ್ ಜರ್ನಲ್ ಆಫ್ ಬಾಟನಿ 1914ರಿಂದ ಅಲ್ಲಿನ ಸಸ್ಯಶಾಸ್ತ್ರ ಸಂಘದ್ದು, ಈಗ ಪ್ರಕಟಿಸುವುದು ವೈಲಿ. ಸಂಘದ ಪತ್ರಿಕೆಯಾದರೆ ಮುಖ್ಯ ಸಂಪಾದಕರನ್ನು ಆರಿಸುವುದು ಸಾಮಾನ್ಯವಾಗಿ ಸಂಘವೇ, ಅಚ್ಚಿನವರಲ್ಲ. ಈ ಅಂತರ ಇದ್ದರೆ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಡಿಯಾಲಬೈಲ್ ಕೊಂಕಣಿ:

ಪರಿಶೀಲಕರ ಬಗ್ಗೆ ಮಾಷ್ಟ್ರು ಹೇಳಿದ್ದು ಓದಿ ನಮ್ಮವರ ನೆನಪಾಯಿತು. ಡಚ್ಚರ ವಾನ್ ರೀಡ್ ಕೊಚ್ಚಿಯಲ್ಲಿದ್ದಾಗ ಮಲಬಾರಿನ ಗಿಡಗಳ ಗ್ರಂಥ ಮಾಡಿಸಿದ. ಅದು 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟವಾಗಿ ಬಂತು. ಅದರ ಹಿಂದೆ ಇಟ್ಟಿ ಅಚ್ಯುದನ್ ವೈದ್ಯರಿದ್ದರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ತಾವು ಹೇಳಿದ್ದು ನಿಜ ಎಂದು ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟದ್ದು ಮೊದಲ ಸಂಪುಟದಲ್ಲೇ ಉಂಟು. ನಮ್ಮ ಇಂಡಿಯನ್ ಅಸೋಸಿಯೇಷನ್ ಫಾರ್ ಆಂಜಿಯೋಸ್ಪರ್ಮ್ ಟ್ಯಾಕ್ಸಾನಮಿಯ ಪತ್ರಿಕೆಗೆ ರೀಡಿಯಾ ಎಂದು ಹೆಸರಿಟ್ಟದ್ದು ಆ ವಾನ್ ರೀಡ್ ನೆನಪಿಗೇ.

ಆ ಮೇಲ್ ವಿಷಯ: ನಾನು ಒಂದು ಸಲ ಒಪ್ಪಿ ಪಶ್ಚಾತ್ತಾಪ ಪಟ್ಟಿದ್ದೇನೆ. ಎರಡು ವರ್ಷದಲ್ಲಿ ಒಂದು ಲೇಖನವನ್ನೂ ನನಗೆ ತೋರಿಸಲಿಲ್ಲ. ಹೆಸರು ತೆಗೆಯಿರಿ ಎಂದು ಬರೆದರೆ ಉತ್ತರವೇ ಇಲ್ಲ. ಪಟ್ಟಿಯಲ್ಲಿರುವ ಇಬ್ಬರಿಗೆ ನೇರ ಬರೆದು ಕೇಳಿ, ನೀವು ನಿಜವಾಗಿ ಅಲ್ಲಿ ಕೆಲಸ ಮಾಡುತ್ತೀರಾ ಎಂದು.

ಪದವಿನ ಗಿಡ, ಮಣಿಪಾಲ:

ಮಾಷ್ಟ್ರೇ, ಓದಿದ ಕೂಡಲೇ ನನ್ನ ಲೇಖನ ತೆರೆದೆ. ಹೋಲೋಟೈಪ್ ಮುಂದೆ ನಾನೂ ಬೆಂಗಳೂರು, ಕೊಯಮತ್ತೂರು ಎರಡೂ ಬರೆದಿದ್ದೆ! ಈಗ ಹೋಲೋಟೈಪ್ ಬೆಂಗಳೂರಿನ ಐಐಎಸ್ಸಿ ಹರ್ಬೇರಿಯಂಗೆ ಮಾತ್ರ, ಕೊಯಮತ್ತೂರಿಗೆ ಐಸೋಟೈಪ್ (ಅದೇ ಸಂಗ್ರಹದ ಜೋಡಿ ಮಾದರಿ) ಎಂದು ತಿದ್ದಿದೆ. ಆ ಮೇಲ್‌ಗೆ ಬೇಡ ಎಂದು ಬರೆದೆ. ಒಂದು ಚಿಂತೆ ಉಂಟು. ಉದಯವಾಣಿ ಹಾಳೆಯ ನಡುವೆ ಒಣಗಿಸಿದ ಗಿಡದಿಂದ ಬೀಜ ಉದುರುತ್ತಿದೆ. ಎಂತ ಮಾಡುವುದು?

ಕಟಪಾಡಿ ಮಾಷ್ಟ್ರು:

ಸಣ್ಣ ಕಾಗದದ ಪೊಟ್ಟಣ ಮಾಡಿ ಅದರಲ್ಲಿ ಹಾಕಿ, ಆ ಗಿಡದ ಹಾಳೆಗೇ ಅಂಟಿಸಿ. ಸಂಗ್ರಹ ಸಂಖ್ಯೆಯನ್ನು ಪೊಟ್ಟಣದ ಮೇಲೂ ಪೆನ್ಸಿಲಿನಲ್ಲಿ ಬರೆಯಿರಿ. ನಾಲ್ಕೈದು ಬೀಜ ಬೇರೆ ತೆಗೆದಿಡಿ. ಪರಿಶೀಲಕರು ಬೀಜದ ಚಿತ್ರ ಖಂಡಿತ ಕೇಳುತ್ತಾರೆ.