ಜನ ವೋಟು ಹಾಕಿದ ಮೇಲೂ ಸಂಸತ್ತು ಯಾಕೆ ಬೇಕಿತ್ತು?

ಪ್ರಶ್ನೆ: ಮೇಡಂ, 2016ರ ಜೂನ್ 23ರಂದು ಬ್ರಿಟನ್ ಜನ ಯುರೋಪಿಯನ್ ಒಕ್ಕೂಟ ಬಿಡೋಣ ಅಂತ ವೋಟು ಹಾಕಿದರು. ಅಲ್ಲಿಗೆ ಮುಗೀತಲ್ವಾ? ನಡುವೆ ಕೋರ್ಟು ಯಾಕೆ ಬಂತು?

ಉತ್ತರ: ಎಲ್ಲಿ ಮುಗೀತು? ಫಲಿತಾಂಶ ಬಂದ ಮೇಲೆ ಸರ್ಕಾರ ಏನು ಮಾಡಬೇಕು ಅನ್ನೋದು ಆ ಜನಮತದ ಕಾಯ್ದೆಯಲ್ಲಿ ಇರಲೇ ಇಲ್ಲ. ಹೊರಗೆ ಹೋಗುವ ದೇಶ ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ ನೋಟಿಸ್ ಕೊಡಬೇಕು. ಕೊಟ್ಟ ಮೇಲೆ ಮಾತುಕತೆಗೆ 2 ವರ್ಷ. ಆ ನೋಟಿಸನ್ನು ಸಂಸತ್ತನ್ನು ಕೇಳದೆ ತಾನೇ ಕೊಡುತ್ತೇನೆ ಎಂದಿತು ಸರ್ಕಾರ. ಆಗಲ್ಲ ಎಂದಿತು ಸುಪ್ರೀಂ ಕೋರ್ಟ್, 2017ರ ಜನವರಿಯಲ್ಲಿ, 8–3ರ ತೀರ್ಪಿನಲ್ಲಿ. ಒಕ್ಕೂಟದ ಕಾನೂನನ್ನು ಬ್ರಿಟನ್ನಿನೊಳಗೆ ತಂದದ್ದು ಸಂಸತ್ತಿನ 1972ರ ಕಾಯ್ದೆ. ಅದರಿಂದ ಜನರಿಗೆ ಬಂದ ಹಕ್ಕುಗಳನ್ನು ಮಂತ್ರಿಗಳು ಒಂದು ಪತ್ರ ಬರೆದು ಅಳಿಸುವಂತಿಲ್ಲ. ನನಗೆ ಈ ತರ್ಕ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಸಂಸತ್ತು ಕಾಯ್ದೆ ಮಾಡಿತು, ಮಾರ್ಚ್ 29ಕ್ಕೆ ನೋಟಿಸ್ ಹೋಯಿತು.

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿ ಶೇ. 62 ಜನ ಒಕ್ಕೂಟದಲ್ಲೇ ಇರೋಣ ಎಂದಿದ್ದರು. ಅವರ ಒಪ್ಪಿಗೆ ಬೇಡವಾ?

ಉತ್ತರ: ಕಾನೂನಿನ ಪ್ರಕಾರ ಬೇಡ. ಅದೇ ತೀರ್ಪಿನಲ್ಲಿ ಈ ಒಂದು ವಿಷಯಕ್ಕೆ 11 ಜಡ್ಜ್‌ಗಳೂ ಒಂದೇ ಮಾತು ಹೇಳಿದರು. ಸ್ಕಾಟ್ಲೆಂಡ್ ಸಂಸತ್ತನ್ನು ಕೇಳುವುದು ರಾಜಕೀಯ ಸಂಪ್ರದಾಯ, ಅದನ್ನು ಕೋರ್ಟು ಜಾರಿ ಮಾಡಿಸಲ್ಲ.

ಪ್ರಶ್ನೆ: 2021ರಿಂದ ಒಕ್ಕೂಟದ ಜೊತೆ ಸುಂಕವಿಲ್ಲದ ವ್ಯಾಪಾರ ಒಪ್ಪಂದ ಇದೆಯಲ್ಲ, ಮತ್ತೆ ಬ್ರಿಟನ್ ವ್ಯಾಪಾರಿಗಳು ಸುಂಕ ಕಟ್ಟಿದೆವು ಅಂತಾರಲ್ಲ, ಅದು ಹೇಗೆ?

ಉತ್ತರ: ಜಾಸ್ತಿ ಜನ ಎಡವುವುದು ಇಲ್ಲೇ. ಸುಂಕ ಇಲ್ಲದಿರುವುದು ಬ್ರಿಟನ್ನಿನಲ್ಲಿ ಅಥವಾ ಒಕ್ಕೂಟದಲ್ಲಿ ತಯಾರಾದ ಮಾಲಿಗೆ ಮಾತ್ರ. ಚೀನಾದಿಂದ ಹತ್ತಿ ಶರ್ಟು ತರಿಸಿ, ಸುಂಕ ಕಟ್ಟಿ, ಇಂಗ್ಲೆಂಡಿನ ಗೋದಾಮಿಗೆ ಹಾಕಿದಿರಿ ಅಂದುಕೊಳ್ಳಿ. ಅದನ್ನೇ ಒಕ್ಕೂಟದಲ್ಲಿರುವ ಐರ್ಲೆಂಡಿನ ಡಬ್ಲಿನ್ ಅಂಗಡಿಗೆ ಕಳಿಸಿದರೆ ಒಕ್ಕೂಟದ ಲೆಕ್ಕದಲ್ಲಿ ಅದು ಇನ್ನೂ ಚೀನಾ ಶರ್ಟೇ. ಮತ್ತೆ ಶೇ. 12 ಸುಂಕ. ಮೊದಲು ಎರಡೂ ಕಡೆ ಒಂದೇ ಕಸ್ಟಮ್ಸ್ ಒಕ್ಕೂಟ, ಒಮ್ಮೆ ಕಟ್ಟಿದರೆ ಸಾಕಿತ್ತು.

ಇನ್ನೊಬ್ಬರ ಪ್ರಶ್ನೆ: ಇಂಗ್ಲೆಂಡಿನಲ್ಲೇ ಇಸ್ತ್ರಿ ಮಾಡಿ ಹೊಸ ಲೇಬಲ್ ಹೊಲಿದರೆ ಬ್ರಿಟನ್ ಮಾಲು ಆಗಲ್ವಾ?

ಉತ್ತರ: ಒಳ್ಳೆ ಉಪಾಯ! ಆದರೆ ಒಪ್ಪಂದ ಬರೆದವರು ಅದನ್ನೂ ಯೋಚಿಸಿದ್ದಾರೆ. ಇಸ್ತ್ರಿ, ಲೇಬಲ್, ಪ್ಯಾಕಿಂಗ್ ಯಾವುದೂ ಸಾಲದು ಎಂದು ಹೆಸರು ಹಿಡಿದೇ ಬರೆದಿದ್ದಾರೆ. ಬ್ರಿಟನ್ನಿನಲ್ಲಿ ಸುಂಕ ಕಟ್ಟದೆ ಬಾಂಡೆಡ್ ಗೋದಾಮಿನಲ್ಲಿ, ಅಂದರೆ ಕಸ್ಟಮ್ಸ್ ಉಸ್ತುವಾರಿಯ ಗೋದಾಮಿನಲ್ಲಿಟ್ಟು ಮುಂದೆ ಸಾಗಿಸಿದರೆ ಅಲ್ಲಿನ ಸುಂಕವಾದರೂ ಉಳಿಯುತ್ತದೆ. ಡಬ್ಲಿನ್‌ನಲ್ಲಿ ಕಟ್ಟುವುದು ಮಾತ್ರ ತಪ್ಪಲ್ಲ.